ಪಿಯಾನೊ ನಿಂತ ಮೇಲಿನ ಮಾತು

ಆ ಅರ್ಜಿಗೆ ಮೊಹರು ಒತ್ತಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೇರೆಯವರ ಮೇಲೆ ಹರಿಹಾಯುವುದಿದೆ. ತನ್ನ ತಪ್ಪನ್ನು ಮಾತ್ರ ಮುಚ್ಚಿಟ್ಟಳು ಎಂದು ಆಗ ಯಾರೂ ಅನ್ನಬಾರದು.

ನಮ್ಮೂರ ದೋಣಿ ಕಡವಿನ ಕಟ್ಟೆಯಲ್ಲಿ ಕುಳಿತು ಜನರಿಂದ ಅರ್ಜಿ ತೆಗೆದುಕೊಳ್ಳುವ ಕೆಲಸ ನನ್ನದು, ಹತ್ತೊಂಬತ್ತು ವರ್ಷದಿಂದ. ಕಡವಿಗೆ ಎದುರಾಗಿ, ಹೊಳೆಯ ಆಚೆ ದಡದಲ್ಲಿ ಕರಿಬಂಡೆ ಇದೆ. ಕಡವಿನಲ್ಲಿ ಎದ್ದ ದನಿ ಆ ಬಂಡೆಗೆ ಹೋಗಿ, ಮೂವತ್ತೆರಡು ವರ್ಷ ಕಳೆದು, ಅದೇ ತಾರೀಕು ಅದೇ ಗಳಿಗೆಗೆ ಮರಳಿ ಬರುತ್ತದೆ. ಒಂದೇ ಸಲ, ಆಮೇಲೆ ಇಲ್ಲ. ಹಾಗಾಗಿ ನಮ್ಮೂರಿನವರು ಕಡವಿನಲ್ಲಿ ಮಕ್ಕಳಿಗೆ ಬೈಯುವುದಿಲ್ಲ. ಬೈಯಲೇಬೇಕಾದರೆ ರಟ್ಟೆ ಹಿಡಿದು ಮೀನಿನ ಪೇಟೆಯವರೆಗೆ ಎಳೆದುಕೊಂಡು ಹೋಗುತ್ತಾರೆ. ಹೆಣ್ಣು ನೋಡಲು ಬಂದವರನ್ನು ದೋಣಿ ಹತ್ತಿಸುವಾಗ ಹುಡುಗನ ಮೂಗಿನ ವಿಚಾರ ಯಾರೂ ತೆಗೆಯುವುದಿಲ್ಲ. ತೀರಿಹೋದವರ ದನಿ ಬರುವುದಿದ್ದರೆ ಮನೆಯವರು ಒಂದು ತಿಂಗಳು ಮೊದಲೇ ನನ್ನ ಹತ್ತಿರ ಗಳಿಗೆ ಬರೆಸಿ, ಮನೆಯಲ್ಲಿ ಮೈ ಒರೆಸುವ ಒಂದು ಬೈರಾಸು ಕೊಟ್ಟು ಹೋಗುತ್ತಾರೆ. ಆ ದಿನ ಅದನ್ನು ಕಡವಿನ ಕಂಬಕ್ಕೆ ಕಟ್ಟುತ್ತೇನೆ. ಕಂಬದಲ್ಲಿ ಬೈರಾಸು ಕಂಡರೆ ಅಂಬಿಗ ಹುಟ್ಟು ಎತ್ತಿ ಹಿಡಿಯುತ್ತಾನೆ, ಸೊಪ್ಪು ಮಾರುವವರು ಬಾಯಿ ಮುಚ್ಚುತ್ತಾರೆ, ನಾಯಿಗಳನ್ನೂ ಯಾರಾದರೂ ಅತ್ತ ಅಟ್ಟುತ್ತಾರೆ. ಬರುವುದು ದೊಡ್ಡ ಮಾತೇನೂ ಅಲ್ಲ. "ಅಕ್ಕಿ ಒಳಗಿಟ್ಟಿದ್ದೇನೆ, ಬೀಗ ಹಾಕಿ ಬಾ" ಎಂಬಷ್ಟೇ ಬಂದೀತು. ಅಷ್ಟಕ್ಕೇ ಮನೆಯವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಸಿದು ಕೂರುತ್ತಾರೆ.

ಭವಾನಿಶಂಕರ ರಾಯರು ಅರ್ಜಿ ತಂದಾಗ ನಾನು ಎದ್ದು ನಿಂತಿದ್ದೆ. ಫ್ರೆಂಚರು ಇಲ್ಲಿ ಬಿಟ್ಟುಹೋದ ಸಂಗೀತ ಶಾಲೆಗೆ ಇಪ್ಪತ್ತೈದು ವರ್ಷ ಮುಖ್ಯಸ್ಥರಾಗಿದ್ದವರು ಅವರು. ಈಗ ವರ್ನೇ ಸ್ಮಾರಕ ಸಮಿತಿಯ ಅಧ್ಯಕ್ಷರು. ಅರ್ಜಿಯಲ್ಲಿ ಎರಡು ಸಾಲು. ಮುಂದಿನ ತಿಂಗಳು ಹದಿನಾಲ್ಕನೇ ತಾರೀಕು ಸಂಜೆ ನಾಲ್ಕರಿಂದ ನಾಲ್ಕು ಹನ್ನೊಂದರವರೆಗೆ ವರ್ನೇ ದೊರೆ ಕಡವಿನಲ್ಲಿ ನುಡಿಸಿದ ಪಿಯಾನೊ ಮರಳುತ್ತದೆ, ಅದಕ್ಕೆ ಬೈರಾಸು ಕಟ್ಟಬೇಕು. ನಾಲ್ಕು ಹನ್ನೊಂದಕ್ಕೆ ಬೈರಾಸು ಬಿಚ್ಚಿ, ಆ ಕ್ಷಣವೇ ಊರ ಬ್ಯಾಂಡಿನಿಂದ ಗೌರವ ವಾದನಕ್ಕೆ ಅನುಮತಿ ಕೊಡಬೇಕು. "ನಿನ್ನ ಅಕ್ಷರ ಎಷ್ಟು ಚಂದ ವಾರಿಜಾ" ಅಂದರು ರಾಯರು. ಅಷ್ಟು ಸಾಕಾಯಿತು ನನಗೆ. ಕಡವಿನಲ್ಲಿ ಎದ್ದ ದನಿಗಳನ್ನು ದಿನಾ ಬರೆದಿಡುವ ಹಳೆಯ ಪುಸ್ತಕ ತೆಗೆದು ನೋಡಿದೆ. ಮೂವತ್ತೆರಡು ವರ್ಷದ ಹಿಂದೆ ಆ ಗಳಿಗೆಗೆ "ವರ್ನೇ ದೊರೆಯವರ ಪಿಯಾನೊ ವಾದನ" ಎಂದು ಬರೆದಿತ್ತು. ಬರೆದದ್ದು ಯಾರ ಕೈ ಎಂದು ನೋಡುವ ಬುದ್ಧಿ ಬರಲಿಲ್ಲ. ಮೊಹರು ಒತ್ತಿದೆ.

ವರ್ನೇ ಯಾರೆಂದು ನಮ್ಮೂರಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಪ್ಯಾರಿಸ್ಸಿನಿಂದ ಬಂದು ಒಂದು ಮಳೆಗಾಲ ಇಲ್ಲಿದ್ದವರು. ತಿರುಗಿ ಹೋದ ಮೇಲೆ "ಕಡವು" ಎಂದು ಒಂದು ಪಿಯಾನೊ ಕೃತಿ ಅಚ್ಚು ಹಾಕಿಸಿದರು. ಆಮೇಲೆ ಅಲ್ಲಿಯ ಹೊಸಬರೆಲ್ಲ ಅದೇ ದಾರಿ ಹಿಡಿದರು. ಫ್ರೆಂಚರ ಇಂಪ್ರೆಶನಿಸ್ಟ್ ಸಂಗೀತದಲ್ಲಿ ನೀರು, ಮಂಜು, ದೂರದ ಗಂಟೆ ಏನೇನು ಕೇಳಿಸುತ್ತದೋ ಅದೆಲ್ಲ ಈ ಒಂದು ಪುಸ್ತಕದಿಂದ ಹರಿದದ್ದು ಎಂದು ನಾನು ಹೋಗುತ್ತಿದ್ದ ಸಂಜೆ ತರಗತಿಯ ಮೇಷ್ಟ್ರು ಹೇಳುತ್ತಿದ್ದರು. ಆ ತರಗತಿಯಲ್ಲಿ ನಾನು ಫ್ರೆಂಚ್ ಕಲಿತೆ, ಐದು ಗೆರೆಯ ಮೇಲೆ ಬರೆದ ಸ್ವರ ಓದಲು ಕಲಿತೆ. ಬರವಣಿಗೆಯಲ್ಲಿ ಪಾಸಾದೆ, ಮಾತಿನ ಪರೀಕ್ಷೆಯಲ್ಲಿ ಎರಡು ಸಲ ಬಿದ್ದೆ. ಮೇಷ್ಟ್ರು ಒಂದು ದಿನ "ಕಡವು" ಕೃತಿಯ ನಡುವೆ ಅಲ್ಲಲ್ಲಿ ಬರುವ ಖಾಲಿ ಜಾಗಗಳನ್ನು ತೋರಿಸಿ, "ಇಲ್ಲಿ ನೋಡಿ, ಸ್ವರ ಬರಬೇಕು ಅನ್ನುವಲ್ಲಿ ಮೌನ. ಇಂಥ ಧೈರ್ಯ ಅವರಿಗಿಂತ ಮೊದಲು ಯಾರಿಗೂ ಇರಲಿಲ್ಲ" ಅಂದರು. ಮನೆಗೆ ಬಂದು ಅದನ್ನು ದೊಡ್ಡಮ್ಮನಿಗೆ ಹೇಳಿದೆ. ದೊಡ್ಡಮ್ಮ ಕೆಮ್ಮು ಬರುವವರೆಗೆ ನಕ್ಕಳು.

"ಎಂಥ ಧೈರ್ಯ ಮಾರಾಯ್ತಿ. ಆ ಪಿಯಾನೊದಲ್ಲಿ ಎರಡು ಕೀ ಸತ್ತಿದ್ವು. ಒತ್ತಿದ್ರೆ ಕಟ್ ಅಂತ ಮರದ ಶಬ್ದ ಮಾತ್ರ. ಅದಕ್ಕೆ ನಾನು ಅಲ್ಲಿ ಬೆರಳು ಇಡ್ಲಿಲ್ಲ."

ನನ್ನ ಅಮ್ಮನ ಅಕ್ಕ ಚಂದ್ರಭಾಗಿ. ವಯಸ್ಸು ಎಪ್ಪತ್ತೊಂದು. ಸಂಗೀತ ಶಾಲೆಯಲ್ಲಿ ಸ್ವರದ ಹಾಳೆಗಳನ್ನು ನಕಲು ಮಾಡುವ ಕೆಲಸದಲ್ಲಿ ಇಪ್ಪತ್ತಾರು ವರ್ಷ ಕಳೆದವಳು. ಪಿಯಾನೊ ಅವಳಿಗೆ ಯಾರೂ ಕಲಿಸಲಿಲ್ಲ. ನಕಲು ಮಾಡಿದ್ದು ಸರಿಯಿದೆಯೇ ಎಂದು ನೋಡಲು ಹಾಳೆ ಎದುರಿಟ್ಟುಕೊಂಡು ಒಂದೊಂದೇ ಕೀ ಒತ್ತಿ ಕಲಿತಳು. ಮನೆಗೆ ಬರುವ ದಾರಿಯಲ್ಲಿ ದಿನಾ ಕಡವು ದಾಟಬೇಕು. ಅಲ್ಲಿ ಯಾವಾಗಲೂ ಹಳೆಯ ದನಿಗಳು ಒಂದರ ಮೇಲೊಂದು ಬರುತ್ತಿರುತ್ತವೆ. ದೋಣಿ ಎಳೆಯುವವರ ಐಸಾ, ಇಗರ್ಜಿಯ ಗಂಟೆ, ಮಸೀದಿಯ ಬಾಂಗು, ಯಾರದೋ ಮದುವೆಯ ವಾಲಗ, ಎಂದೋ ಸುರಿದ ಮಳೆ. ಯಾವುದಕ್ಕೂ ಶುರು ಇಲ್ಲ, ಕೊನೆ ಇಲ್ಲ. ಅದನ್ನು ಹತ್ತು ಬೆರಳಲ್ಲಿ ಹಿಡಿಯಬೇಕು ಎಂದು ಅವಳಿಗೆ ಹಟ ಹುಟ್ಟಿತು. ಎರಡು ವರ್ಷ ಕಟ್ಟಿದಳು. ಕಟ್ಟಿದ್ದನ್ನು ಯಾರ ಎದುರೂ ಬಾರಿಸಲಿಲ್ಲ, ಒಂದು ದಿನದವರೆಗೆ. ಅವತ್ತು ಶಾಲೆಯ ಹಳೆಯ ಪಿಯಾನೊವನ್ನು ರಿಪೇರಿಗೆಂದು ಆಚೆ ದಡಕ್ಕೆ ಸಾಗಿಸಲು ಕಡವಿಗೆ ತಂದಿಟ್ಟಿದ್ದರು. ನೀರು ಇಳಿದಿತ್ತು, ದೋಣಿ ಹತ್ತಿಸಲು ಕಡಲಿನ ಭರತಕ್ಕೆ ಕಾಯಬೇಕು. ಕಾವಲಿಗೆ ದೊಡ್ಡಮ್ಮನನ್ನು ನಿಲ್ಲಿಸಿದ್ದರು. ನಿಂತು ನಿಂತು ಬೇಸರ ಬಂದು ಮುಚ್ಚಳ ತೆರೆದಳು. ವರ್ನೇ ಅದೇ ಹೊತ್ತಿಗೆ ಕಡವಿಗೆ ಬಂದದ್ದು, ಪಕ್ಕದಲ್ಲಿ ದುಭಾಷಿಯಾಗಿ ಇಪ್ಪತ್ತೆರಡು ವರ್ಷದ ಭವಾನಿಶಂಕರ.

ನಾಲ್ಕು ವರ್ಷದ ನಂತರ "ಕಡವು" ಪ್ಯಾರಿಸ್ಸಿನಿಂದ ಅಚ್ಚಾಗಿ ಶಾಲೆಗೆ ಬಂತು. ವಿದ್ಯಾರ್ಥಿಗಳಿಗೆಂದು ಅದರ ಆರು ಪ್ರತಿ ಬರೆಯಲು ಯಾರಿಗೆ ಕೊಟ್ಟರು ಗೊತ್ತೇ? ದೊಡ್ಡಮ್ಮನಿಗೇ. ಮೊದಲ ಪುಟದ ತಲೆಯ ಮೇಲೆ ವರ್ನೇ ಎಂದು ಆರು ಸಲ ತನ್ನ ಕೈಯಿಂದಲೇ ಬರೆದಳು. ಮೂರನೇ ಪ್ರತಿಗೆ ತಡೆಯಲಾರದೆ ಭವಾನಿಶಂಕರ ರಾಯರ ಹತ್ತಿರ ಹೋಗಿ, ಇದು ನನ್ನದು ಅಂದಳು. ಅಷ್ಟರಲ್ಲಿ ವರ್ನೇ ಬರೆದುಕೊಟ್ಟ ಪತ್ರದ ಬಲದಿಂದ ಅವರು ಪ್ಯಾರಿಸ್ಸಿಗೆ ಹೋಗಿ ಬಂದು, ಶಾಲೆಯಲ್ಲಿ ದೊಡ್ಡ ಕುರ್ಚಿಯ ಹತ್ತಿರ ಕೂತಾಗಿತ್ತು. "ದೊಡ್ಡವರ ಸಂಗೀತ ಹಾಗೇ ಚಂದ್ರಭಾಗಿ" ಅಂದರಂತೆ, "ಕೇಳಿದವರಿಗೆಲ್ಲ ತಮ್ಮದೇ ಅನ್ನಿಸ್ತದೆ." ಅಂದಿನಿಂದ ಇಂದಿನವರೆಗೆ ದೊಡ್ಡಮ್ಮ ಬೆಳಿಗ್ಗೆ ಹಲ್ಲುಜ್ಜಿ ಮೊದಲ ನೀರು ಉಗುಳುವಾಗ ಒಂದು ಹೆಸರು ಸೇರಿಸಿಯೇ ಉಗುಳುತ್ತಾಳೆ. "ನಿನ್ನ ಕೈಗೆ ಹುಳ ಬೀಳ ವರ್ನೇ" ಎಂದು. ಆತ ತೀರಿಹೋದ ಸುದ್ದಿ ಬಂದ ದಿನವೂ ಬಿಡಲಿಲ್ಲ.

ಮೊಹರು ಒತ್ತಿದ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ, ಅರ್ಜಿಯ ವಿಷಯ ಹೇಳಿದೆ. ಪುಸ್ತಕದಲ್ಲಿ ಹೆಸರು ಯಾರದ್ದೇ ಇರಲಿ, ಬರುವುದು ಅವಳ ಪಿಯಾನೊ ತಾನೇ ಎಂದು ಹೇಳುವಾಗ ನನಗೊಂದು ಹುರುಪೇ ಇತ್ತು. ನಿನ್ನ ಬೆರಳಿನ ಸಂಗೀತ ಇಡೀ ಊರು ಕೇಳುತ್ತದಲ್ಲ ದೊಡ್ಡಮ್ಮ ಅಂದೆ.

"ಕೇಳಿ? ವರ್ನೇ ಎಷ್ಟು ಚಂದ ಬಾರಿಸಿದ ಅಂತಾರೆ. ದನಿಗೆ ಮುಖ ಉಂಟಾ?" ಅಂದಳು. ತುತ್ತು ತಟ್ಟೆಯಲ್ಲೇ ನಿಂತಿತು. "ನಾಲ್ಕು ಹನ್ನೊಂದಕ್ಕೆ ಬ್ಯಾಂಡಾ? ಸರಿಯಾಗಿ ಹನ್ನೊಂದಕ್ಕೆ?"

"ಹೌದು. ಯಾಕೆ?"

"ನಾನು ಬಾರಿಸಿ ಮುಗಿಸಿದ ಕೂಡಲೆ ಆ ದೊರೆ ಏನೋ ಕೇಳಿದ. ಭವಾನಿಶಂಕರ ಕನ್ನಡದಲ್ಲಿ ಹೇಳಿದ, ಇದು ಯಾರದ್ದು ಅಂತ ಕೇಳ್ತಾರೆ ಅಂತ. ನಂದು ಅಂತ ಹೇಳಿದೆ ನಾನು. ಬಾಯಿ ಬಿಟ್ಟು ಹೇಳಿದ್ದೇನೆ ವಾರಿಜಾ, ಕಡವಿನಲ್ಲಿ ನಿಂತು ಹೇಳಿದ್ದೇನೆ. ಅದು ಬರುದು ಪಿಯಾನೊ ನಿಂತ ಮೇಲೆ. ಆ ಮಾತಿನ ಮೇಲೆ ಅವ ಬ್ಯಾಂಡ್ ಹೊಡೆಸ್ತಾನೆ." ಆಮೇಲೆ ನನ್ನ ಮುಖ ನೋಡಿದಳು. "ನೀನು ಒಪ್ಪಿಗೆ ಕೊಟ್ಟಿಯಾ?"

ನಾನು ಹೌದೆಂದೆ. ಅವಳು ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ತಟ್ಟೆ ಎತ್ತಿಕೊಂಡು ಹೋಗಿ ತೊಳೆದಳು, ಅನ್ನ ಹಾಗೇ ಇತ್ತು.

ಕಟ್ಟೆಗೆ ಮರಳಿ ಹಳೆಯ ಪುಸ್ತಕವನ್ನು ಇನ್ನೊಮ್ಮೆ ತೆಗೆದೆ. ಆ ಸಾಲಿನ ಅಕ್ಷರಗಳು ಅರ್ಜಿಯ ಅಕ್ಷರಗಳೇ, ಬಾಲ ಮೇಲಕ್ಕೆತ್ತಿದ ರಕಾರದ ಸಮೇತ. ಅಂದಿನ ಗುಮಾಸ್ತನ ಪುಸ್ತಕದಲ್ಲಿ ರಾಯರೇ ಕೂತು ಬರೆದುಹೋಗಿದ್ದಾರೆ. ಒತ್ತಿದ ಮೊಹರು ಹಿಂದೆ ಪಡೆಯುವ ಕ್ರಮ ನಮ್ಮಲ್ಲಿಲ್ಲ. ದೊಡ್ಡಮ್ಮನ ಹೆಸರಲ್ಲಿ ಹೊಸ ಅರ್ಜಿ ಬರೆಯೋಣವೆಂದರೆ ಆ ಗಳಿಗೆಗೆ ಆಗಲೇ ಬ್ಯಾಂಡಿನ ಹೆಸರಿದೆ. ನಿಯಮ ಅಂದರೆ ನಿಯಮ ಎಂದು ಎಷ್ಟೋ ಬಡಪಾಯಿಗಳನ್ನು ನಾನೇ ವಾಪಸು ಕಳಿಸಿದ್ದೇನೆ. ಒಂದು ದಿನ ತಡವಾಗಿ ಬಂದ ಹೆಂಗಸೊಬ್ಬಳು ಗಂಡನ ದನಿ ಸಂತೆಯ ಗದ್ದಲದಲ್ಲಿ ಮುಳುಗಿಹೋದಾಗ ನನ್ನನ್ನು ನೋಡಿದ ನೋಟ ಅವತ್ತು ನೆನಪಾಯಿತು.

ರಾಯರ ಮನೆಗೆ ಹೋದೆ. ಜಗಲಿಯಲ್ಲಿ ಕಾಫಿ ಕೊಡಿಸಿದರು. ಬ್ಯಾಂಡು ಐದೇ ಐದು ನಿಮಿಷ ತಡವಾದರೆ ಸಾಕು ಎಂದು ಕೇಳಿಕೊಂಡೆ.

"ಯಾಕಮ್ಮ?"

"ಪಿಯಾನೊ ನಿಂತ ಮೇಲೆ ಮಾತು ಉಂಟಂತೆ ರಾಯರೇ. ದೊಡ್ಡಮ್ಮ ಹೇಳಿದ್ಲು."

"ಮೂವತ್ತೆರಡು ವರ್ಷದ ಹಿಂದಿನ ಮಾತು ಅವಳಿಗೆ ನೆನಪುಂಟಾ? ನಿನ್ನೆ ಉಪ್ಪಿನ ಭರಣಿ ಎಲ್ಲಿಟ್ಟದ್ದು ಅಂತ ಕೇಳಿ ನೋಡು, ಗೊತ್ತಾಯ್ತಾ?" ಪ್ರತಿ ಮಾತಿನ ಬಾಲಕ್ಕೆ ಗೊತ್ತಾಯ್ತಾ ಅನ್ನುವುದು ಅವರ ಅಭ್ಯಾಸ. "ಪ್ಯಾರಿಸ್ಸಿನಿಂದ ಮದಾಂ ರೋಷ್ ಬರ್ತಾ ಇದ್ದಾರೆ, ವರ್ನೇ ಬಗ್ಗೆ ಪುಸ್ತಕ ಬರೆಯುವವರು. ಕಡವಿನಲ್ಲಿ ಪಿಯಾನೊ ಅಂತ ದೊರೆಗಳ ಪತ್ರದಲ್ಲಿ ಓದಿ, ಅದನ್ನೇ ಕೇಳ್ಲಿಕ್ಕೆ ಹಡಗು ಹತ್ತಿದ್ದು. ಅಂಥವರ ಎದುರು ಯಾರದೋ ಹರಟೆ ಕೇಳಿಸುದಾ? ನಾಚಿಕೆ ಅಲ್ವಾ ಊರಿಗೆ?"

"ಹರಟೆ ಅಲ್ಲ. ಅದು ತನ್ನದು ಅಂತ..."

"ವಾರಿಜಾ." ಅವರು ಲೋಟ ಕೆಳಗಿಟ್ಟರು. "ಅರ್ಜಿಯಲ್ಲಿ ಮೊಹರು ಯಾರದ್ದುಂಟು?"

ನಾನು ಎದ್ದೆ. ಗೇಟು ದಾಟುವವರೆಗೆ ತಲೆ ಬಗ್ಗಿಸಿಕೊಂಡೇ ನಡೆದೆ. ದಾಟಿದ ಮೇಲೆ, ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು ಬಂದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು. ಆ ಹೇಸಿಗೆಯೇ ದಾರಿಯುದ್ದಕ್ಕೂ ಕಬ್ಬಿಣದ ಹಾಗೆ ಕಾಯುತ್ತ ಬಂದು, ಬ್ಯಾಂಡಿನ ಶೆಡ್ಡು ಮುಟ್ಟುವಷ್ಟರಲ್ಲಿ ಕೆಂಪಗಾಗಿತ್ತು.

ಬ್ಯಾಂಡ್ ಮಾಸ್ತರ ಪೇದ್ರು ಹುಣಸೆಹುಳಿ ಹಚ್ಚಿ ಕಾರ್ನೆಟ್ ಉಜ್ಜುತ್ತಿದ್ದ. ಸುತ್ತ ಏಳೆಂಟು ಜನ ಕೂತು ತಮ್ಮ ತಮ್ಮ ಹಿತ್ತಾಳೆ ಬೆಳಗುತ್ತಿದ್ದರು. ಎಲ್ಲ ಹೇಳಿದೆ. ಪೇದ್ರು ಕೇಳಿದ, ತಲೆ ಆಡಿಸಿದ, ಆದರೆ ಕೈ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಪಾಪ ಚಂದ್ರಭಾಗಿಬಾಯಿ. ನಮ್ಮ ಹಾಳೆಗಳೆಲ್ಲ ಅವರು ಬರ್ದದ್ದೇ. ಆದ್ರೆ ನಾನು ಎಂತ ಮಾಡುದು ವಾರಿಜಕ್ಕ? ರಾಯರು ಕರ್ಚೀಫು ಬೀಸಿದ ಕೂಡಲೆ ಊದ್ಬೇಕು ಅಂತ ಹೇಳಿದ್ದಾರೆ. ನಮ್ಮದು ಊದುವ ಕೆಲಸ, ನ್ಯಾಯ ಮಾಡುವ ಕೆಲಸ ಅಲ್ಲ."

"ಆಯ್ತು, ಊದಿ. ಡಿಸೆಂಬರ್ ಇಪ್ಪತ್ತಮೂರಕ್ಕೆ ನಿಮ್ಮ ಅಮ್ಮನ ದನಿ ಬರುದು ಅಲ್ವಾ, ಬೆಳಿಗ್ಗೆ ಏಳೂವರೆಗೆ? ಅವತ್ತು ನಾನು ಕಡವಿನಲ್ಲಿ ಸೀಮೆಎಣ್ಣೆ ಡಬ್ಬ ಬಡೀತೇನೆ."

ಶೆಡ್ಡಿನಲ್ಲಿ ಉಜ್ಜುವ ಸದ್ದು ನಿಂತಿತು.

"ಎಂತ ಹೇಳಿದ್ರಿ?"

"ಡಬ್ಬ ಬಡೀತೇನೆ ಅಂದೆ. ನಿಮಗೆ ಮಾತ್ರ ಅಲ್ಲ. ಇಲ್ಲಿ ಕೂತಿರುವ ಒಬ್ಬೊಬ್ಬರದ್ದೂ ದಿನ ನನ್ನ ಹತ್ರ ಬರ್ದುಂಟು. ಜಾಕಿ, ನಿನ್ನ ತಂದೆಯದ್ದು ಫೆಬ್ರವರಿಯಲ್ಲಿ. ಲಿಂಗಪ್ಪಣ್ಣ, ನಿಮ್ಮ ಮಗಳದ್ದು, ಆ ಎರಡು ವರ್ಷದ ಮಗುವಿನದ್ದು..." ಲಿಂಗಪ್ಪಣ್ಣ ತಲೆ ಎತ್ತಿ ನೋಡಿದ. ಆದರೂ ಮುಗಿಸಿದೆ. "ಅದಕ್ಕೂ ಬಡೀತೇನೆ."

"ಮನುಷ್ಯಳಾ ನೀನು?" ಪೇದ್ರು ಎದ್ದು ನಿಂತ. ಇಷ್ಟು ವರ್ಷದಲ್ಲಿ ಅವನು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನಡಿ ಹೊರಗೆ."

ಹೊರಗೆ ಬಂದು ಗೋಡೆಗೆ ಕೈ ಕೊಟ್ಟು ನಿಂತೆ. ಲಿಂಗಪ್ಪಣ್ಣನ ಮುಖ ಕಣ್ಣ ಮುಂದಿಂದ ಹೋಗಲಿಲ್ಲ. ಮರಳಿ ಒಳಗೆ ಹೋಗಿ ತಪ್ಪಾಯಿತು ಅನ್ನಲು ಎರಡು ಸಲ ಬಾಗಿಲವರೆಗೆ ಹೋದೆ. ಅನ್ನಲಿಲ್ಲ. ನನಗೆ ಇದ್ದ ಆಯುಧ ಅದೊಂದೇ.

ಹದಿನಾಲ್ಕಕ್ಕೆ ಕಡವಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಮಿತಿಯವರು ಮಾವಿನೆಲೆ ಕಟ್ಟಿದ್ದರು, ವರ್ನೇ ಚಿತ್ರಕ್ಕೆ ಸೇವಂತಿಗೆ ಹಾರ. ಮದಾಂ ರೋಷ್ ಮುಂದಿನ ಕುರ್ಚಿಯಲ್ಲಿ ನೋಟ್‌ಬುಕ್ಕು ಹಿಡಿದು ಕೂತಿದ್ದರು. ಅರವತ್ತರ ಆಚೀಚೆಯ ತೆಳ್ಳಗಿನ ಹೆಂಗಸು, ಬಿಸಿಲಿಗೆ ಮೂಗು ಸುಲಿದಿತ್ತು. ಪಕ್ಕದಲ್ಲಿ ರಾಯರು ಜರಿಯ ಶಾಲು ಹೊದ್ದು. ದೊಡ್ಡಮ್ಮನಿಗೆ ಕುರ್ಚಿ ಇಟ್ಟಿರಲಿಲ್ಲ. ಅವಳು ಮೀನಿನ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ನಾನು ಸಮಿತಿಯ ರೇಷ್ಮೆ ಬೈರಾಸು ಕಂಬಕ್ಕೆ ಕಟ್ಟಿ, ಕಾಲ ಬಳಿ ಖಾಲಿ ಎಣ್ಣೆ ಡಬ್ಬ ಇಟ್ಟುಕೊಂಡು ನಿಂತೆ. ಪೇದ್ರು ಅದನ್ನು ನೋಡಿದ. ಮುಖ ತಿರುಗಿಸಿದ.

ನಾಲ್ಕಕ್ಕೆ ಬಂತು. ಬಂಡೆಯ ಕಡೆಯಿಂದ, ನೀರಿನ ಮೇಲೆ ತೇಲಿಕೊಂಡು. ಮೊದಲು ಕೆಳಗಿನ ಒಂದು ಸ್ವರ, ಅದು ಆರುವ ಮೊದಲೇ ಅದರ ಮೇಲೆ ಇನ್ನು ನಾಲ್ಕು, ಒಂದಕ್ಕೊಂದು ತಾಗಿಯೂ ತಾಗದ ಹಾಗೆ. ನಾವು ಕೇಳಿ ಬೆಳೆದ ಸಂಗೀತದಲ್ಲಿ ಸ್ವರ ಎಲ್ಲೆಲ್ಲಿ ತಿರುಗಿದರೂ ಕೊನೆಗೆ ಷಡ್ಜಕ್ಕೆ ಬಂದು ಕೂರುತ್ತದೆ. ಇದು ಕೂರಲಿಲ್ಲ. ಹೊಸ್ತಿಲವರೆಗೆ ಬರುತ್ತಿತ್ತು, ಒಳಗೆ ಇಣುಕುತ್ತಿತ್ತು, ಮತ್ತೆ ಹೊಳೆಯ ಕಡೆಗೇ ತಿರುಗುತ್ತಿತ್ತು. ಸತ್ತ ಕೀಗಳಿದ್ದ ಜಾಗದಲ್ಲಿ ನೀರಿನ ಸದ್ದು ಕೇಳಿಸುತ್ತಿತ್ತು. ನಾನು ಅದನ್ನು ಹಾಳೆಯಲ್ಲಿ ಓದಿದ್ದೆ, ಶಾಲೆಯ ಮಕ್ಕಳು ತಡವರಿಸಿ ನುಡಿಸುವುದನ್ನು ಕೇಳಿದ್ದೆ. ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ದೊಡ್ಡಮ್ಮನ ಬೆರಳುಗಳು ಮಂಡಿಯ ಮೇಲೆ ಆಡುತ್ತಿದ್ದವು. ಸ್ವರ ಬಂದ ಮೇಲೆ ಅಲ್ಲ, ಬರುವುದಕ್ಕಿಂತ ಒಂದು ಕೂದಲೆಳೆ ಮೊದಲು. ಹತ್ತಿರ ಕೂತ ಹೆಂಗಸರು ಅದನ್ನು ಗಮನಿಸಿ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು.

ಪಿಯಾನೊ ನಿಂತಿತು. ರಾಯರು ಎದ್ದು ಕರವಸ್ತ್ರ ಬೀಸಿದರು.

ಪೇದ್ರು ಕಾರ್ನೆಟ್ ತುಟಿಗೆತ್ತಿದ. ನನ್ನ ಕೈ ಡಬ್ಬದ ಕಡೆ ಹೋಯಿತು. ಅವನು ನನ್ನನ್ನು ನೋಡಿದ, ಬುಟ್ಟಿಯ ಮೇಲಿನ ಮುದುಕಿಯನ್ನು ನೋಡಿದ. ಆಮೇಲೆ ಕಾರ್ನೆಟ್ಟನ್ನು ಇಳಿಸಿ, ತಲೆಕೆಳಗು ಮಾಡಿ, ಒಳಗಿನ ಉಗುಳು ಕೆಡವತೊಡಗಿದ. ಅವನ ಹಿಂದೆ ಜಾಕಿಯೂ ತನ್ನ ತುತ್ತೂರಿ ಬೋರಲು ಮಾಡಿದ. ಲಿಂಗಪ್ಪಣ್ಣ ದೊಡ್ಡ ಡೋಲಿನ ಹಗ್ಗ ಸಡಿಲವಾಗಿದೆ ಎಂಬಂತೆ ಬಗ್ಗಿ ಒಂದೊಂದೇ ಗಂಟು ಬಿಚ್ಚಿ ಕಟ್ಟಲು ಕೂತ. ಬ್ಯಾಂಡಿನವರು ಉಗುಳು ಕೆಡವಲು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಮ್ಮೂರು ಕಂಡಿಲ್ಲ. ರಾಯರು ಕರವಸ್ತ್ರ ಇನ್ನೊಮ್ಮೆ ಬೀಸಿದರು, ಮತ್ತೊಮ್ಮೆ ಬೀಸಿದರು. ಕೊನೆಗೆ "ಊದ್ರೋ!" ಎಂದು ಕೂಗಲು ಬಾಯಿ ತೆರೆದವರು, ಕಂಬದ ಬೈರಾಸು ನಾನಿನ್ನೂ ಬಿಚ್ಚಿಲ್ಲ ಎಂದು ಕಂಡು, ಇಡೀ ಊರು ತಮ್ಮನ್ನೇ ನೋಡುತ್ತಿದೆ ಎಂದು ಕಂಡು, ಬಾಯಿ ಮುಚ್ಚಿದರು.

ಅಷ್ಟರಲ್ಲಿ ಹೊಳೆಯ ಮೇಲಿಂದ ಒಂದು ಗಂಡಸಿನ ದನಿ ಫ್ರೆಂಚಿನಲ್ಲಿ ಏನೋ ಕೇಳಿತು. ಅದರ ಹಿಂದೆ ಎಳೆಯ ದನಿಯೊಂದು ಕನ್ನಡದಲ್ಲಿ: "ಇದು ಯಾರದ್ದು ಅಂತ ದೊರೆಗಳು ಕೇಳ್ತಾರೆ, ಗೊತ್ತಾಯ್ತಾ?" ಜನರ ನಡುವೆ ಒಂದು ಗುಜುಗುಜು ಎದ್ದು ಅಡಗಿತು. ಆ ಗೊತ್ತಾಯ್ತಾ ಯಾರದೆಂದು ಹೇಳಬೇಕಾಗಿರಲಿಲ್ಲ.

"ನಂದು." ದೊಡ್ಡಮ್ಮನ ದನಿ. ಮೂವತ್ತೊಂಬತ್ತು ವರ್ಷದವಳ ದನಿ, ಗಟ್ಟಿ, ಸ್ವಲ್ಪ ಏದುಸಿರು. "ನಾನೇ ಕಟ್ಟಿದ್ದು. ಎರಡು ವರ್ಷ ಹಿಡೀತು ಅಂತ ಹೇಳಿ."

ಎಳೆಯ ದನಿ ಫ್ರೆಂಚಿನಲ್ಲಿ ಏನೋ ಹೇಳಿತು. ದೊರೆ ಇನ್ನೇನೋ ಕೇಳಿದ. ಎಳೆಯ ದನಿ ಉತ್ತರ ಕೊಟ್ಟಿತು. ದೊರೆ ಖುಷಿಯಿಂದ ಉದ್ದಕ್ಕೆ ಏನೋ ಅಂದ. ಕೊನೆಗೆ ಕನ್ನಡದಲ್ಲಿ: "ದೊರೆಗಳಿಗೆ ಭಾರೀ ಮೆಚ್ಚಿಗೆ ಆಯ್ತಂತೆ. ನಿನ್ನ ಹೆಸರು ಬರ್ಕೊಳ್ತಾರಂತೆ. ಶಾಲೆಗೆ ಬಂದು ಇನ್ನೊಂದು ಸಲ ಬಾರಿಸ್ಬೇಕಂತೆ, ಗೊತ್ತಾಯ್ತಾ?" ಆಮೇಲೆ ಮಳೆ ಶುರುವಾದ ಸದ್ದು, ಪಿಯಾನೊದ ಮುಚ್ಚಳ ಬಿದ್ದ ಸದ್ದು. ಅಷ್ಟೇ.

ಊರವರು ಒಮ್ಮೆಗೇ ವರ್ನೇ ಚಿ‌ತ್ರದ ಕಡೆ ತಿರುಗಿದರು. "ಕಳ್ಳ ನನ್ಮಗ! ಹೆಸರು ಬರ್ಕೊಂಡು ಹೋಗಿ ಮೋಸ ಮಾಡಿದ್ದು" ಎಂದು ಯಾರೋ ಕೂಗಿದರು. ಯಾರೋ ಹಾರ ಕಿತ್ತರು. ದೊಡ್ಡಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಮದಾಂ ರೋಷ್ ಮಾತ್ರ ಮುಗುಳ್ನಗುತ್ತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಅವರಿಗೆ ತಿಳಿದದ್ದು ಫ್ರೆಂಚ್ ಅರ್ಧ ಮಾತ್ರ. ಫ್ರೆಂಚ್ ಮಾತುಗಳು ನನ್ನ ಕಿವಿಗೂ ಬಿದ್ದಿದ್ದವು. ಆದರೆ ನಾನು ಮಾತಿನ ಪರೀಕ್ಷೆಯಲ್ಲಿ ಬಿದ್ದವಳು. ತಪ್ಪು ಕೇಳಿದೆನೇನೋ, ತಪ್ಪು ತಿಳಿದೆನೇನೋ ಎಂದು ಒಂದೊಂದು ಶಬ್ದವನ್ನೂ ಮನಸ್ಸಿನಲ್ಲಿ ಎರಡೆರಡು ಸಲ ತಿರುವಿದೆ. ರಾಯರ ಮುಖ ನೋಡಿದೆ. ತಪ್ಪಾಗಿರಲಿಲ್ಲ.

"ಚಿತ್ರ ಬಿಡಿ!" ಎಂದು ಕೂಗಿದೆ. ಬೈರಾಸು ಕಟ್ಟಿದ್ದಾಗ ಕಡವಿನಲ್ಲಿ ನಾನು ಬಾಯಿ ತೆರೆದದ್ದು ಅದೇ ಮೊದಲು. "ದೊಡ್ಡಮ್ಮ, ನೀನೂ ಕೇಳು. ನಂದು ಅಂತ ನೀನು ಹೇಳಿದ್ದನ್ನು ಈ ರಾಯರು ದೊರೆಗೆ ಹೇಳಲೇ ಇಲ್ಲ. ಇದು ಈ ಕಡೆಯ ಹಳೇ ಹಾಡು, ಯಾರದ್ದೂ ಅಲ್ಲ ಅಂತ ಹೇಳಿದ್ರು. ಯಾರದ್ದಾದ್ರೂ ಹೆಸರು ಇರ್ಬೇಕಲ್ಲ ಅಂತ ಆತ ಕೇಳಿದ. ಇಲ್ಲಿ ಇಂಥದ್ದಕ್ಕೆಲ್ಲ ಯಾರೂ ಹೆಸರು ಹಾಕುದಿಲ್ಲ, ಧಾರಾಳ ತಕ್ಕೊಳ್ಳಿ ಅಂದ್ರು. ನಿನ್ನ ಹೆಸರು ಬರ್ಕೊಳ್ತೇನೆ ಅಂತ ಆತ ಹೇಳಲೇ ಇಲ್ಲ. ಹಾಗಾದರೆ ಶಾಲೆಗೆ ಬಂದು ಇನ್ನೊಂದು ಸಲ ಬಾರಿಸ್ಲಿ, ಸ್ವರ ಬರ್ಕೊಳ್ತೇನೆ ಅಂದ, ಅಷ್ಟೇ." ಆಮೇಲೆ ಮದಾಂ ರೋಷ್ ಕಡೆ ತಿರುಗಿ, ನನ್ನ ಒಡಕು ಫ್ರೆಂಚಿನಲ್ಲಿ, ಅವರಿಗೆ ತಿಳಿಯದೆ ಹೋದ ಕನ್ನಡದ ಅರ್ಧ ಹೇಳಿದೆ. ಆಕೆ "ನನ್ನದು" ಅಂದಳು, ನಾನೇ ಕಟ್ಟಿದ್ದು ಅಂದಳು, ಎರಡು ವರ್ಷ ಅಂದಳು. ಆಕೆ ಇವಳೇ. ಕ್ರಿಯಾಪದಗಳೆಲ್ಲ ತಪ್ಪಿರಬೇಕು. ಆದರೆ ಮದಾಂ ಅವರ ಪೆನ್ನು ನಿಂತಿತು, ನಗು ಹೋಯಿತು. ಬರೆದದ್ದರ ಮೇಲೆ ಅವರು ಒಂದು ಗೆರೆ ಎಳೆದದ್ದನ್ನು ನೋಡಿದೆ.

ದೊಡ್ಡಮ್ಮ ಬುಟ್ಟಿಯಿಂದ ಎದ್ದಳು. ರಾಯರ ಎದುರು ಹೋಗಿ ನಿಂತಳು. ಅವಳು ಕುಳ್ಳಿ, ಅವರ ಶಾಲಿನ ಜರಿಯ ಅಂಚಿನವರೆಗೆ ಮಾತ್ರ ಬರುತ್ತಾಳೆ.

"ಇಪ್ಪತ್ತೆಂಟು ವರ್ಷ ನಾನು ಬೇರೆಯವನಿಗೆ ಬೈದೆನಲ್ಲೋ" ಅಂದಳು. "ದಿನಾ ಬೆಳಿಗ್ಗೆ. ಸತ್ತವನಿಗೂ ಬಿಡ್ಲಿಲ್ಲ. ನೀನು ಅದೇ ಹೊತ್ತಿಗೆ ಮನೆಯಲ್ಲಿ ಕಾಫಿ ಕುಡೀತಿದ್ದೆ."

ರಾಯರು ಶಾಲು ಸರಿಮಾಡಿಕೊಂಡರು. ಎರಡು ಸಲ ಕೆಮ್ಮಿದರು. ಕ್ಷಮೆ ಕೇಳಬಹುದೆಂದು ನಾನು ಎಣಿಸಿದ್ದೆ. ನನ್ನ ಬುದ್ಧಿ ಅಷ್ಟೇ. "ಸ್ವಲ್ಪ ಯೋಚನೆ ಮಾಡು ಚಂದ್ರಭಾಗಿ" ಅಂದರು, ಪಾಠ ಹೇಳುವ ದನಿಯಲ್ಲಿ. "ನಕಲು ಬರೆಯುವ ಹೆಂಗಸು ಕಟ್ಟಿದ್ದು ಅಂತ ನಾನು ಹೇಳಿದ್ರೆ ಅಂಥ ದೊರೆ ಅದನ್ನು ಮುಟ್ಟುತ್ತಿದ್ರಾ? ಯಾರದ್ದೂ ಅಲ್ಲ ಅಂದದ್ದಕ್ಕೇ ಅದು ಪ್ಯಾರಿಸ್ಸಿಗೆ ಹೋಯ್ತು. ಅಲ್ಲಿ ನಾನು ಕಣ್ಣಾರೆ ನೋಡಿದ್ದೇನೆ, ನಿನ್ನ ಸ್ವರ ಹಿಡ್ಕೊಂಡು ಎಷ್ಟು ಜನ ಬೆಳೆದರು ಅಂತ. ಇಡೀ ಫ್ರಾನ್ಸಿನ ಸಂಗೀತ ತಿರುಗಿತು. ನಂದು ನಂದು ಅಂತ ಇಲ್ಲೇ ಇಟ್ಕೊಂಡಿದ್ರೆ ಏನಾಗ್ತಿತ್ತು? ಈ ಹೊಳೆಯಲ್ಲಿ ಮುಳುಗಿ ಹೋಗ್ತಿತ್ತು, ಗೊತ್ತಾಯ್ತಾ?"

ಆ ಮಾತಿನಲ್ಲಿ ನಿಜವೂ ಇದ್ದೀತೇನೋ ಎಂದು ಕೆಲವರು ನೆಲ ನೋಡಿದರು. ಒಂದು ಕ್ಷಣ ನಾನೂ ನೋಡಿದೆ, ಸುಳ್ಳು ಹೇಳುವುದಿಲ್ಲ.

"ಮುಳುಗ್ಲಿ" ಅಂದಳು ದೊಡ್ಡಮ್ಮ. "ನನ್ನದಾಗಿ ಮುಳುಗ್ತಿತ್ತು."

ರಾಯರು ಏನೋ ಹೇಳಲು ಮದಾಂ ರೋಷ್ ಕಡೆ ತಿರುಗಿ ಫ್ರೆಂಚಿನಲ್ಲಿ ಶುರುಮಾಡಿದರು. ದೊಡ್ಡಮ್ಮ ಅವರ ಎದೆಗೆ ಅಡ್ಡವಾಗಿ ಕೈ ಚಾಚಿದಳು. ಮುಟ್ಟಲಿಲ್ಲ, ಕೈ ಅಡ್ಡ ಹಿಡಿದಳು ಅಷ್ಟೇ. ಅವರು ಬಾಯಿ ಮುಚ್ಚಿದರು.

"ನೀನಲ್ಲ" ಅಂದಳು. ನನ್ನ ಕಡೆ ತಿರುಗಿದಳು. "ಅವ ಹೇಳಿದ್ದನ್ನೂ ಹೇಳು, ನಾನು ಹೇಳಿದ್ದನ್ನೂ ಹೇಳು. ಚಂದ ಮಾಡ್ಲಿಕ್ಕೆ ಹೋಗ್ಬೇಡ."

ಮುಳುಗುವುದಕ್ಕೆ ಫ್ರೆಂಚಿನಲ್ಲಿ ಏನನ್ನುತ್ತಾರೆ ಎಂಬುದು ಹೊಳೆಯಲೇ ಇಲ್ಲ. ಹೊಳೆಯನ್ನು ತೋರಿಸಿದೆ, ಕೈಯನ್ನು ನೀರಿನ ಕಡೆಗೆ ಇಳಿಸಿ ತೋರಿಸಿದೆ. ಮದಾಂ ರೋಷ್ ತಾವೇ ಆ ಶಬ್ದ ಹೇಳಿಕೊಟ್ಟರು. ಆಮೇಲೆ ಮೊದಲಿನಿಂದ ಶುರುಮಾಡಿ, ಅವರಿಬ್ಬರು ಹೇಳಿದ್ದನ್ನು ಹೇಳಿದಷ್ಟೇ, ಹೇಳಿದ ಹಾಗೆಯೇ ಹೇಳಿ ಮುಗಿಸಿದೆ.